ಬಿಗಿಯದ ಕುಣಿಕೆ

ಗಾಳ ಹಾಕಿ ಅಭ್ಯಾಸವಿಲ್ಲದವರು ಗಾಳದ ಗಂಟಿನ ಬಗ್ಗೆ ಬರೆಯುವುದು ತಪ್ಪೇ ಇರಬಹುದು. ಬಲ್ಲವರು ಓದಿದರೆ ಯಾವ ಸುತ್ತು ಎಲ್ಲಿ ತಪ್ಪಿದೆ ಎಂದು ಕೂಡಲೇ ಹಿಡಿಯುತ್ತಾರೆ. ಅವರು ಮೊದಲೇ ಮನ್ನಿಸಲಿ. ಕ್ಯಾತಣ್ಣನ ವಿಷಯವನ್ನು ಹೇಳದೆ ಇರಲು ಆಗಲಿಲ್ಲ, ಅಷ್ಟೇ.

"ಕೊಡು ಇತ್ಲಾಗೆ. ನೀನ್ ಕಟ್ಟೋದ್ರೊಳ್ಗೆ ಮೀನೆಲ್ಲ ಮುದುಕಾಯ್ತವೆ," ಎಂದು ಮಾಯಣ್ಣ ಕೈ ಚಾಚಿದ.

ಕ್ಯಾತಣ್ಣ ಕೊಡಲಿಲ್ಲ. ಹಲ್ಲಿನಲ್ಲಿ ಟಂಗೂಸ್ ಎಂಬ ನೈಲಾನ್ ದಾರದ ತುದಿ ಕಚ್ಚಿಕೊಂಡಿದ್ದ. ಕಂದಿಕೆರೆಯ ಏರಿಯ ಕಲ್ಲಿನ ಮೇಲೆ ಕೂತು, ಗಾಳದ ಕೊಕ್ಕೆಯಿರುವ ರಬ್ಬರ್ ಕಪ್ಪೆಯನ್ನು ಕಾಲ್ಬೆರಳುಗಳ ಸಂದಿಯಲ್ಲಿ ಸಿಕ್ಕಿಸಿಕೊಂಡು, ಅದರ ಮೂತಿಯ ಬಳೆಗೆ ಎಡಗೈಯಿಂದ ದಾರ ಪೋಣಿಸುತ್ತಿದ್ದ.

"ಕಾಲಿಗೇ ಗಾಳ ಹಾಕ್ಕಂಡು ನಿನ್ನ ನೀನೇ ಎಳ್ಕಂಡೀಯ, ನೋಡ್ಕೋ."

ಹೋದ ವರ್ಷ ಮೇವು ಕತ್ತರಿಸುವ ಯಂತ್ರ ಕ್ಯಾತಣ್ಣನ ಬಲಗೈಯ ಹೆಬ್ಬೆರಳನ್ನೂ ಅದರ ಪಕ್ಕದ ಬೆರಳನ್ನೂ ತೆಗೆದುಕೊಂಡಿತ್ತು. ಉಳಿದ ಬೆರಳುಗಳಲ್ಲಿ ಗಾಳದ ಕೋಲಿನ ರೀಲು ತಿರುಗಿಸುವುದು ಹೇಗೋ ರೂಢಿಯಾಯಿತು. ಊಟ, ಬೀಡಿ, ಅಂಗಿಯ ಗುಂಡಿ ಎಲ್ಲವನ್ನೂ ಎಡಗೈ ಕಲಿತುಕೊಂಡಿತು. ಗಂಟೊಂದು ಮಾತ್ರ ಆಗಲಿಲ್ಲ. ಅಂದಿನಿಂದ ಅವನ ದಾರಕ್ಕೆ ಕಪ್ಪೆ ಕಟ್ಟಿಕೊಡುತ್ತಿದ್ದವನು ಮಾಯಣ್ಣ. ಬೇಸರವಿಲ್ಲದೆ ಕಟ್ಟುತ್ತಿದ್ದ. ಕ್ಯಾತಣ್ಣನಿಗೆ ಅದೇ ಬೇಸರ. ಕಪ್ಪೆ ಬದಲಿಸಬೇಕೆಂದರೆ ಚಿಕ್ಕ ಹುಡುಗನ ಹಾಗೆ ಕೋಲು ಹಿಡಿದುಕೊಂಡು ಅವನ ಮುಂದೆ ನಿಲ್ಲಬೇಕು. ಅವನು ಬಾರದ ದಿನ ಕೆರೆಗೇ ಹೋಗುವಂತಿಲ್ಲ.

ಒಂದು ಕೈಯಲ್ಲೇ ಸಿಕ್ಕಿಸಬಹುದಾದ ಕ್ಲಿಪ್ಪನ್ನು ಮಾಯಣ್ಣ ತಿಪಟೂರಿನಿಂದ ತಂದುಕೊಟ್ಟಿದ್ದ. ಒಂದು ದೊಡ್ಡ ಕೊರವ ಮೀನು ತಲೆ ಕೊಡವಿದ ಹೊಡೆತಕ್ಕೆ ಆ ಕ್ಲಿಪ್ಪು ಬಾಯಿ ಬಿಟ್ಟು, ಮೀನು ಕಪ್ಪೆಯ ಸಮೇತ ಹೋಗಿತ್ತು. ಮಾಯಣ್ಣನ ಬಿಗಿಗಂಟು ಎಂದೂ ಬಿಚ್ಚುತ್ತಿರಲಿಲ್ಲ, ನಿಜ. ಆದರೆ ಮೂತಿಗೆ ಕಚ್ಚಿ ಕೂತ ಗಂಟಿನಿಂದ ಕಪ್ಪೆ ಕಡ್ಡಿಯ ಹಾಗೆ ಸೆಟೆದುಕೊಂಡು ಬರುತ್ತಿತ್ತು. ಜೊಂಡಿನ ಬುಡದ ಹಳೆಯ ಕೊರವಗಳು ಮೇಲೆ ಬಂದು ನೋಡಿ ವಾಪಸು ಹೋಗುತ್ತಿದ್ದವು.

"ಆಯ್ತು," ಎಂದು ಕ್ಯಾತಣ್ಣ ಎದ್ದ. ಕೋಲು ಬೀಸಿದ. ದಾರ ಇಲ್ಲೇ ಹತ್ತಿರ ಬಿತ್ತು. ಕಪ್ಪೆ ಮಾತ್ರ ಬಿಡಿಸಿಕೊಂಡು ಬಹಳ ದೂರ ಹಾರಿಹೋಗಿ ನೀರಿನ ಮೇಲೆ ತೇಲತೊಡಗಿತು.

ಮಾಯಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಈಗ ನಿಜವಾದ ಕಪ್ಪೆ ಆಯ್ತು ಬುಡು."

ಕ್ಯಾತಣ್ಣ ನಗಲಿಲ್ಲ. "ನೋಡ್ಲಾ ಮಾಯಣ್ಣ, ಬರೋ ಭಾನ್ವಾರ ನಾನೇ ಕಟ್ಟಿದ್ದು ನಿಂತ್ರೆ ಸರಿ. ಇಲ್ದಿದ್ರೆ ಕೋಲು ನೀನೇ ಇಟ್ಕೋ. ನಾನು ಈ ಏರಿ ಹತ್ತಲ್ಲ."

"ಯಾಕ್ಲಾ, ನಾನು ಕಟ್ಟಿಕೊಡಾಕೆ ಏನ್ ದಾಡಿ?"

"ಅದ್ಕೇ," ಎಂದ ಕ್ಯಾತಣ್ಣ.

ಹಟ್ಟಿಗೆ ಬಂದಾಗ ಹೆಂಡತಿ ಬೋರಕ್ಕ ಅಂಗಳದಲ್ಲಿ ಕುರಿಮರಿಯೊಂದರ ಹಿಂದೆ ಓಡುತ್ತಿದ್ದಳು. ಹಿಡಿದು ತಂದು ಅವನ ಮಡಿಲಿಗೆ ತುರುಕಿದಳು. "ಮುಖ ಆಮೇಲೆ ಊದಿಸ್ಕಂಡು ಕುಂತ್ಕೋ. ಮೊದ್ಲು ಇದ್ನ ಕಟ್ಟು, ತಾಯಿ ಹಾಲೆಲ್ಲ ಕುಡಿದು ಹಾಕ್ತೈತೆ."

ಮರಿ ಒದ್ದಾಡುತ್ತಿತ್ತು. ಬಲಗೈಯಲ್ಲಿ ಅದನ್ನು ಎದೆಗೆ ಅವುಚಿಕೊಂಡು ಕ್ಯಾತಣ್ಣ ಎಡಗೈಯಿಂದ ಹಗ್ಗವನ್ನು ಅದರ ಕೊರಳಿಗೆ ಸುತ್ತಿದ. ಸಣ್ಣ ಕಣ್ಣು ಮಾಡಿ, ತುದಿಯನ್ನು ಅದರೊಳಗೆ ತೂರಿಸಿ, ಹಿಂದಿನ ಹಗ್ಗಕ್ಕೆ ಒಂದು ಸುತ್ತು ಹಾಕಿ, ಮತ್ತೆ ಅದೇ ಕಣ್ಣಿಗೆ ಇಳಿಸಿ, ಹಲ್ಲಿನಲ್ಲಿ ಕಚ್ಚಿ ಎಳೆದ. ಕುಣಿಕೆ ನಿಂತಿತು. ಮರಿ ಎಷ್ಟು ಜಗ್ಗಿದರೂ ಅದು ಕೊರಳಿಗೆ ಬಿಗಿಯುವುದಿಲ್ಲ. ಬಿಗಿದರೆ ಬೆಳಗಾಗುವಷ್ಟರಲ್ಲಿ ಮರಿ ಸತ್ತಿರುತ್ತದೆ.

ಕುರಿ ಕಾಯುವವರೆಲ್ಲ ಹಾಕುವ ಗಂಟು ಅದು. ಒಂದು ಕೈಯಲ್ಲಿ ಮರಿ ಇರುವುದರಿಂದ ಯಾವಾಗಲೂ ಇನ್ನೊಂದೇ ಕೈಯಲ್ಲಿ ಹಾಕುವುದು. ಕ್ಯಾತಣ್ಣನೂ ಬೆರಳು ಹೋಗುವ ಮೊದಲಿಂದ ಎಡಗೈಯಲ್ಲೇ ಹಾಕಿಕೊಂಡು ಬಂದಿದ್ದ. ಅವನು ಆ ಕುಣಿಕೆಯನ್ನು ನೋಡುತ್ತ ಕುಳಿತೇಬಿಟ್ಟ. ಮರಿ ಅತ್ತಿತ್ತ ತಿರುಗುತ್ತಿತ್ತು. ಕುಣಿಕೆಯೊಳಗೆ ಅದರ ಕೊರಳು ಸಲೀಸಾಗಿ ಆಡುತ್ತಿತ್ತು.

"ಏನು, ಮರಿ ನೋಡಿಲ್ವಾ ಯಾವತ್ತೂ?" ಎಂದಳು ಬೋರಕ್ಕ.

"ಟಂಗೂಸ್ ದಾರ ಎಲ್ಲಿಟ್ಟೆ?"

ಅಷ್ಟು ಸುಲಭವಾಗಿ ಮುಗಿಯಲಿಲ್ಲ. ಉಣ್ಣೆಯ ಹಗ್ಗಕ್ಕೆ ಜುಂಗು ಇರುತ್ತದೆ, ಒಂದನ್ನೊಂದು ಕಚ್ಚಿಕೊಳ್ಳುತ್ತದೆ. ಟಂಗೂಸ್ ನುಣುಪು. ಬಾಗಿಲ ಚಿಲಕಕ್ಕೆ ಕುಣಿಕೆ ಹಾಕಿ ಎಳೆದಾಗಲೆಲ್ಲ ತುದಿ ಹಾವಿನ ಹಾಗೆ ಜಾರಿ ಹೊರಬಂತು. ಆ ವಾರ ಬೋರಕ್ಕ ಬಾಗಿಲು ಹಾಕುವಾಗಲೆಲ್ಲ ಚಿಲಕದಿಂದ ದಾರದ ತುಂಡು ಕೀಳುತ್ತ ಬೈದಳು. ಒಮ್ಮೆ ನಿಂತು ನೋಡಿ, "ಹಿಂದಿನ ದಾರಕ್ಕೆ ಒಂದೇ ಸುತ್ತು ಸಾಕಾ? ಜಾರೋ ಸೀರೆಗೆ ನಾನು ಒಂದೇ ನೆರಿಗೆ ಹಾಕ್ತೀನಾ?" ಎಂದಳು.

ಅವನು ಇನ್ನೊಂದು ಸುತ್ತು ಕೊಟ್ಟ. ಮತ್ತೊಂದು ಕೊಟ್ಟ. ಜಾರುವುದು ತಡವಾಯಿತು, ನಿಲ್ಲಲಿಲ್ಲ. ಸುತ್ತು ಹೆಚ್ಚಾದಾಗ ದಾರ ಉಜ್ಜಿ ಬಿಸಿಯಾಗಿ ಸುರುಳಿಗಟ್ಟಿ ಕಿತ್ತುಹೋಯಿತು. ಕೊನೆಗೆ ಎಳೆಯುವ ಮೊದಲು ಗಂಟನ್ನು ಬಾಯಿಯಲ್ಲಿಟ್ಟು ಎಂಜಲಲ್ಲಿ ನೆನೆಸಿದ. ಸುತ್ತುಗಳು ಒಂದರ ಪಕ್ಕ ಒಂದು ಮೆತ್ತಗೆ ಸರಿದು ಕೂತವು. ಜೋರಾಗಿ ಜಗ್ಗಿದ. ಚಿಲಕ ಕಿತ್ತು ಕೈಗೆ ಬಂತು.

"ಬಾಗ್ಲೂ ಮುರ್ದೆ," ಎಂದಳು ಬೋರಕ್ಕ. ಅವನು ಚಿಲಕವನ್ನು ಕೈಯಲ್ಲಿ ತೂಗಾಡಿಸುತ್ತ ನಗುತ್ತಿದ್ದ. ಬೈಯಲು ಬಾಯಿ ತೆರೆದವಳು ಆ ನಗುವನ್ನು ನೋಡಿ ಒಳಗೆ ಹೋದಳು.

ಭಾನುವಾರ ಏರಿಯ ಮೇಲೆ ಅವನು ಗಂಟು ಹಾಕುವುದನ್ನು ಮಾಯಣ್ಣ ಪಕ್ಕದಲ್ಲೇ ಕೂತು ನೋಡಿದ. ಕಪ್ಪೆಯ ಮೂತಿಯ ಬಳೆಯೊಳಗೆ ಕಡಲೆಕಾಳಿನಷ್ಟು ಕುಣಿಕೆ ಸಡಿಲವಾಗಿ ನಿಂತಿದ್ದನ್ನು ಕಂಡು, "ಏನ್ಲಾ ಇದು, ಹಿಂಗೆ ಅಳ್ಳಾಡ್ತೈತೆ?" ಎಂದ.

"ಅಳ್ಳಾಡ್ಲಿ."

ಕಪ್ಪೆ ದಾರದ ಜೊತೆಯಲ್ಲೇ ಹೋಗಿ ಜೊಂಡಿನ ಅಂಚಿಗೆ ಬಿತ್ತು. ಕ್ಯಾತಣ್ಣ ಮೆಲ್ಲಗೆ ಸೆಳೆದ. ಕಪ್ಪೆ ಎಡಕ್ಕೊಮ್ಮೆ ಮೂತಿ ತಿರುಗಿಸಿತು, ಬಲಕ್ಕೊಮ್ಮೆ ತಿರುಗಿಸಿತು, ಸುಸ್ತಾದ ಹಾಗೆ ನಿಂತು ಮತ್ತೆ ಹೊರಟಿತು. ಮಾಯಣ್ಣ ಕಲ್ಲಿನಿಂದ ಎದ್ದು ನಿಂತ. ಜೊಂಡು ಅಲುಗಿತು. ಆಮೇಲೆ ನೀರು ಬಾಯಿ ತೆರೆಯಿತು.

"ಬುಡಬ್ಯಾಡ ಕಣ್ಲಾ," ಎಂದ ಮಾಯಣ್ಣ, ಗುಟ್ಟು ಹೇಳುವವನ ಹಾಗೆ.

ಮೀನು ಬುಡಕ್ಕೆ ಇಳಿಯಿತು. ಕೋಲು ಬಾಗಿತು. ಕ್ಯಾತಣ್ಣ ಅದರ ಹಿಡಿಯನ್ನು ಹೊಟ್ಟೆಗೆ ಒತ್ತಿಕೊಂಡು, ಉಳಿದ ಬೆರಳುಗಳಲ್ಲಿ ರೀಲನ್ನು ಎಷ್ಟು ಆಗುತ್ತದೋ ಅಷ್ಟು ತಿರುಗಿಸಿದ. ಮೀನು ಎಳೆದಾಗ ಕೊಟ್ಟ, ನಿಂತಾಗ ತೆಗೆದುಕೊಂಡ. ದಡದ ಹತ್ತಿರ ಅದು ಮೇಲೆದ್ದು ತಲೆ ಕೊಡವಿತು. ಕ್ಲಿಪ್ಪು ಬಾಯಿ ಬಿಟ್ಟಿದ್ದು ಇಂಥ ಹೊಡೆತಕ್ಕೇ. ಮತ್ತೆ ಕೊಡವಿತು. ಕುಣಿಕೆ ನಿಂತಿತ್ತು. ಮಾಯಣ್ಣ ಪಂಚೆಯ ಸಮೇತ ನೀರಿಗಿಳಿದ.

"ಮುಟ್ಟಬ್ಯಾಡ," ಎಂದ ಕ್ಯಾತಣ್ಣ.

ಮಾಯಣ್ಣ ಮೊಣಕಾಲುದ್ದ ನೀರಿನಲ್ಲಿ ಕೈ ಕಟ್ಟಿಕೊಂಡು ನಿಂತ. ಅವನ ಕಾಲಿನ ಪಕ್ಕದಲ್ಲೇ ಕೊರವ ಕೆಸರಿನ ಮೇಲೆ ಜಾರುತ್ತ ಬಂದು ಹುಲ್ಲಿನ ಮೇಲೆ ಬಿತ್ತು. ತೊಡೆಯಷ್ಟು ಗಾತ್ರ, ಕಪ್ಪು ಬೆನ್ನು, ಹಾವಿನ ತಲೆ.

ಏರಿಯ ಮೇಲೆ ಕುರಿ ಹೊಡೆದುಕೊಂಡು ಹೋಗುತ್ತಿದ್ದವರು ನಿಂತರು. ಬೈಕಿನಲ್ಲಿ ಕಾಯಿ ಮೂಟೆ ಹೇರಿಕೊಂಡು ಹೋಗುತ್ತಿದ್ದ ಹನುಮಂತರಾಯ ಇಳಿದು ಬಂದ. ಬಾಗಿ ಗಂಟನ್ನು ನೋಡಿ, "ಭಾರಿ ಕಟ್ಟಿದ್ದೀಯ ಕಣಪ್ಪ ಮಾಯಣ್ಣ," ಎಂದ.

"ನಾನಲ್ಲ. ನಂಗೆ ಬರಲ್ಲ ಅದು," ಎಂದ ಮಾಯಣ್ಣ, ಪಂಚೆ ಹಿಂಡುತ್ತ.

ಎಲ್ಲರೂ ಕ್ಯಾತಣ್ಣನ ಬಲಗೈ ನೋಡಿದರು. ಅವನು ಅದನ್ನು ಜೇಬಿಗೆ ಹಾಕಿಕೊಳ್ಳಲಿಲ್ಲ. ಆ ಕೈಯಿಂದಲೇ ಮೀನಿನ ದವಡೆ ಹಿಡಿದು ಎತ್ತಿ ಹೆಗಲಿಗೆ ಹಾಕಿಕೊಂಡ. ಹಟ್ಟಿಗೆ ಒಳದಾರಿ ಹತ್ತಿರವಾದರೂ ಊರೊಳಗಿನ ರಸ್ತೆ ಹಿಡಿದ. ಹನುಮಂತರಾಯ ಬೈಕನ್ನು ನಿಧಾನವಾಗಿ ಓಡಿಸುತ್ತ, ಎದುರು ಸಿಕ್ಕವರಿಗೆಲ್ಲ ಮೀನು ಹಿಡಿದದ್ದನ್ನು ತಾನೇ ಕಂಡವನ ಹಾಗೆ ಹೇಳುತ್ತ ಜೊತೆಗೆ ಹೋದ.

ಮಾಯಣ್ಣ ಅವರೊಂದಿಗೆ ಹೋಗಲಿಲ್ಲ. ಗುಂಪು ತೆಂಗಿನ ತೋಟ ದಾಟಿ ಮರೆಯಾದ ಮೇಲೆ ಅದೇ ಕಲ್ಲಿನ ಮೇಲೆ ಕೂತ. ತನ್ನ ಕಪ್ಪೆಯ ಬಿಗಿಗಂಟನ್ನು ಕತ್ತರಿಸಿದ. ಬಲಗೈಯನ್ನು ತೊಡೆಯ ಕೆಳಗೆ ಅದುಮಿಕೊಂಡು, ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಎಡಗೈಯಿಂದ ಸಣ್ಣದೊಂದು ಕಣ್ಣು ಮಾಡಲು ನೋಡಿದ. ಅದು ಬಿಚ್ಚಿಹೋಯಿತು. ಮತ್ತೆ ಮಾಡಿದ. ಅವನಿಗೆ ಆ ಗಂಟು ಬಂತೋ ಇಲ್ಲವೋ ನನಗೆ ಗೊತ್ತಿಲ್ಲ.