ಖಾಲಿ ಉತ್ತರಪತ್ರಿಕೆ

ಹದಿನಾಲ್ಕು ವರ್ಷ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತು ಅಕ್ಕನ ಕಾಲು ಸೋತಿತ್ತೇ ಹೊರತು ಬಾಯಿ ಸೋತಿರಲಿಲ್ಲ. ಚೀಟಿ ಕೊಟ್ಟು ಮಾತ್ರೆ ತೆಗೆದುಕೊಂಡು ಸುಮ್ಮನೆ ಹೋಗುವ ಭಾಗ್ಯ ಅಲ್ಲಿ ಯಾರಿಗೂ ಇರಲಿಲ್ಲ. ಬೇರೆ ಯಾವ ಮಾತ್ರೆ ತಿನ್ನುತ್ತೀರಿ, ಊಟಕ್ಕೆ ಮುಂಚೆಯೋ ಆಮೇಲೋ, ಮಾತ್ರೆ ಬಿಡಿಸಿದ ಹಳೆಯ ಪಟ್ಟಿ ತಂದಿದ್ದೀರಾ, ಎಲ್ಲಿ ತೋರಿಸಿ. ಸಂಶಯ ಬಂತೋ, ಗಿರಾಕಿಯನ್ನು ನಿಲ್ಲಿಸಿಕೊಂಡೇ ವೈದ್ಯರಿಗೆ ಫೋನು. ಬೀದಿಯವರು ಅವಳಿಗೆ ‘ಪ್ರಶ್ನೆಪತ್ರಿಕೆ’ ಎಂದು ಹೆಸರಿಟ್ಟಿದ್ದರು. ಹೆಸರಿಟ್ಟವರೇ ಮನೆಯಲ್ಲಿ ಯಾರಿಗಾದರೂ ಜ್ವರ ಬಂದಾಗ ಅವಳನ್ನು ಹುಡುಕಿಕೊಂಡು ಬರುತ್ತಿದ್ದರು, ಆ ಮಾತು ಬೇರೆ.

ಅರ್ಜಿ ಹಾಕಿಸಿದವಳು ತಂಗಿ.

“ಫಾರ್ಮಸಿ ಓದಿದವರಿಗೆ ಕೌಂಟರ್ ಒಂದೇ ಗತಿ ಅಂತ ಯಾರೇ ಹೇಳಿದ್ದು ನಿಂಗೆ? ಔಷಧ ಕಂಪನೀಲಿ ಗುಣಮಟ್ಟ ನೋಡೋರು ಬೇಕು, ಪರವಾನಗಿ ಕಾಗದ ನೋಡೋರು ಬೇಕು. ಸುರಕ್ಷತಾ ವಿಭಾಗ ಅಂತೂ ನಿಂಗೇ ಅಳತೆ ಕೊಟ್ಟು ಹೊಲಿಸಿದ ಹಾಗಿದೆ. ಮಾತ್ರೆ ತಿಂದು ಯಾರಿಗೇನು ತೊಂದ್ರೆ ಆಯ್ತು ಅಂತ ದಿನವಿಡೀ ವಿಚಾರಿಸೋದೇ ಕೆಲಸ!”

“ವಿಚಾರಿಸೋಕೆ ಸಂಬಳ ಕೊಡ್ತಾರಾ?” ಅಕ್ಕನಿಗೆ ನಂಬಿಕೆಯೇ ಬರಲಿಲ್ಲ. ಆಮೇಲೆ ಆಸೆ ಹತ್ತಿಕೊಂಡಿತು. ನಲವತ್ತು ದಾಟಿದವರನ್ನು ಕಂಪನಿ ತೆಗೆದುಕೊಳ್ಳುತ್ತಿರಲಿಲ್ಲ, ಅವಳಿಗೆ ನಲವತ್ತು ತುಂಬಲು ಎರಡೇ ತಿಂಗಳಿತ್ತು. ಈ ಪರೀಕ್ಷೆ ಕೈತಪ್ಪಿದರೆ ಮತ್ತೊಂದಿಲ್ಲ.

ಪರೀಕ್ಷೆಯ ಕೋಣೆಯಲ್ಲಿ ಅವಳ ಜೊತೆ ಕೂತ ಎಂಟು ಮಂದಿಯೂ ಈಗಷ್ಟೇ ಕಾಲೇಜು ಬಿಟ್ಟವರು. ಅಕ್ಕನಿಗೆ ಭಯಕ್ಕಿಂತ ಖುಷಿಯೇ ಹೆಚ್ಚು. ಕನ್ನಡಕದ ಅಧಿಕಾರಿಯೊಬ್ಬರು ಎಲ್ಲರಿಗೂ ಒಂದೊಂದು ಹಾಳೆ ಹಂಚಿದರು. ಅದು ಹಿಂದಿನ ದಿನವಷ್ಟೇ ಕಂಪನಿಗೆ ಬಂದ ದೂರಿನ ನಕಲು. ರಕ್ತದೊತ್ತಡದ ಮಾತ್ರೆ ತಿನ್ನುವ ಅಜ್ಜಿಯೊಬ್ಬರಿಗೆ ನಾಲ್ಕು ದಿನದಿಂದ ತಲೆಸುತ್ತು, ಎರಡು ಸಲ ಬಿದ್ದಿದ್ದಾರೆ. ಕಾರಣ ಏನಿರಬಹುದು? ಅರ್ಧ ಗಂಟೆಯಲ್ಲಿ ಬರೆಯಬೇಕು.

ಎಂಟು ಪೆನ್ನುಗಳು ಓಡತೊಡಗಿದವು. ಅಕ್ಕ ಮಾತ್ರ ಹಾಳೆಯ ಕೆಳಗಿನ ಮೂಲೆಯನ್ನೇ ನೋಡುತ್ತಿದ್ದಳು. ದೂರು ಕೊಟ್ಟವರ ಹೆಸರಿಗೆ ಕಪ್ಪು ಮಸಿ ಬಳಿದಿದ್ದರು, ಫೋನ್ ನಂಬರಿಗೆ ಬಳಿಯಲು ಮರೆತಿದ್ದರು.

ನಂಬರ್ ಇದೆ. ಕೋಣೆಯ ಮೂಲೆಯ ಮೇಜಿನ ಮೇಲೆ ಫೋನೂ ಇದೆ. ಕಾರಣವನ್ನು ಊಹಿಸುವುದೇಕೆ, ಕೇಳಿದರಾಯಿತಲ್ಲ! ಅಧಿಕಾರಿ ತಲೆಯೆತ್ತುವಷ್ಟರಲ್ಲಿ ಅವಳು ಎದ್ದು ಹೋಗಿ ನಂಬರ್ ಒತ್ತಿಯೇ ಬಿಟ್ಟಳು. ಫೋನ್ ಎತ್ತಿದ್ದು ಅಜ್ಜಿಯೇ.

“ಅಜ್ಜೀ, ಮಾತ್ರೆ ಕಂಪನಿಯಿಂದ ಮಾತಾಡ್ತಿದೀನಿ. ಈವತ್ತಿನ ಮಾತ್ರೆ ತಗೊಂಡ್ರಾ?”

“ಕೈಯಲ್ಲೇ ಇದೆ ಕಣಮ್ಮ. ತಿಂಡಿ ಈಗ ಆಯ್ತು.”

“ಬಾಯಿಗೆ ಹಾಕ್ಬೇಡಿ! ಎಷ್ಟಿವೆ ಕೈಯಲ್ಲಿ?”

“ಎರಡು. ಒಂದು ಮೊದಲಿಂದ ತಿಂತಿರೋದು, ಇನ್ನೊಂದು ಹೊಸ ಡಾಕ್ಟ್ರು ಕೊಟ್ಟಿದ್ದು.”

ಅಕ್ಕ ಅಜ್ಜಿಯ ಸೊಸೆಯನ್ನು ಫೋನಿಗೆ ಕರೆಸಿ ಎರಡೂ ಪಟ್ಟಿಗಳ ಹಿಂದಿನ ಸಣ್ಣಕ್ಷರ ಓದಿಸಿದಳು. ಹೆಸರು ಬೇರೆ, ಬಣ್ಣ ಬೇರೆ, ಒಳಗಿನ ಔಷಧ ಮಾತ್ರ ಒಂದೇ! ಅಜ್ಜಿ ನಾಲ್ಕು ದಿನದಿಂದ ಎರಡರಷ್ಟು ನುಂಗುತ್ತಿದ್ದರು. “ಎರಡನ್ನೂ ಕೆಳಗಿಡಿ. ಈಗಲೇ ಡಾಕ್ಟರಿಗೆ ಫೋನ್ ಮಾಡಿ ಇದನ್ನೇ ಹೇಳಿ. ಅವರು ಹೇಳಿದ ಮೇಲೆ ತಗೊಳ್ಳಿ” ಎಂದಳು. ವಯಸ್ಸು, ಪ್ರಮಾಣ, ಪಟ್ಟಿಯ ಮೇಲಿನ ಬ್ಯಾಚ್ ನಂಬರ್, ಎಲ್ಲವನ್ನೂ ಅಂಗೈ ಮೇಲೆ ಗೀಚಿಕೊಂಡಳು. ಫೋನಿಟ್ಟು ತಿರುಗಿದರೆ ಎಂಟು ಪೆನ್ನುಗಳೂ ನಿಂತಿವೆ, ಗಡಿಯಾರದಲ್ಲಿ ಅರ್ಧ ಗಂಟೆ ಮುಗಿದಿದೆ. ಅವಳ ಹಾಳೆಯಲ್ಲಿ ಒಂದಕ್ಷರವಿಲ್ಲ.

ಎಲ್ಲರೂ ಹೋದ ಮೇಲೆ ಅಧಿಕಾರಿ ಅವಳ ಹಾಳೆ ಎತ್ತಿ ಹಿಡಿದರು. “ನಂಬರ್ ಅಳಿಸದೇ ಇದ್ದಿದ್ದು ನಮ್ಮ ತಪ್ಪು. ಕೇಳದೆ ಫೋನ್ ಮಾಡಿದ್ದು ನಿಮ್ಮ ತಪ್ಪು. ಇದಕ್ಕೆ ಸೊನ್ನೆ ಬಿಟ್ಟು ಬೇರೆ ಏನೂ ಕೊಡೋ ಹಾಗಿಲ್ಲ.”

“ಕೊಡಿ ಸಾರ್. ಅಜ್ಜಿ ಮಾತ್ರೆ ಕೈಯಲ್ಲಿ ಹಿಡ್ಕೊಂಡು ಕೂತಿದ್ರು, ನಾನು ಪ್ರಬಂಧ ಬರೀತಾ ಕೂರೋಕಾಗುತ್ತಾ?” ಸೊನ್ನೆ ಬಿದ್ದರೂ ಅಕ್ಕನ ಬಾಯಿ ಸುಮ್ಮನಿರಲಿಲ್ಲ.

ಅಧಿಕಾರಿ ಡ್ರಾಯರಿನಿಂದ ಇನ್ನೊಂದು ಕಾಗದ ತೆಗೆದು ಮುಂದಿಟ್ಟರು. ಪ್ರಶ್ನೆಯದಲ್ಲ, ವಿಭಾಗದ ನಿಜವಾದ ವರದಿ ನಮೂನೆ. “ಆ ಅಜ್ಜಿಗೆ ನಾವು ನಿನ್ನೆ ಅಂಚೆಯಲ್ಲಿ ಫಾರ್ಮ್ ಕಳಿಸಿದೀವಿ, ತುಂಬಿ ಕಳಿಸಿ ಅಂತ. ನಮ್ಮಲ್ಲಿ ಒಬ್ಬರೂ ಫೋನ್ ಮಾಡಿಲ್ಲ. ಈಗ ಕಾರಣ ಗೊತ್ತಾಗಿದೆ, ವರದಿ ಹೋಗ್ಲೇಬೇಕು. ತುಂಬಿ.”

ಅಕ್ಕ ಅಂಗೈ ನೋಡಿಕೊಂಡು ಸರಸರನೆ ತುಂಬಿದಳು. ಕೊನೆಯಲ್ಲಿ ‘ವರದಿ ಮಾಡಿದವರ ಹುದ್ದೆ’ ಎಂಬ ಜಾಗ ಬಂತು. ಏನು ಬರೆಯುವುದೋ ತಿಳಿಯದೆ ಪೆನ್ನು ನಿಂತಿತು.

ಅಧಿಕಾರಿ ಪೆನ್ನು ಇಸಿದುಕೊಂಡು ತಾವೇ ಬರೆದರು: ಔಷಧ ಸುರಕ್ಷತಾ ಅಧಿಕಾರಿ.

ಅಕ್ಕ ಅದನ್ನು ಎರಡು ಸಲ ಓದಿದಳು. ಕಣ್ಣು ಮಂಜಾಗಿ ಮೂರನೆಯ ಸಲ ಓದಲಾಗಲಿಲ್ಲ.

“ಯಾವತ್ತಿಂದ ಬರ್ತೀರಿ?”

“ಬಂದಾಯ್ತಲ್ಲ ಸಾರ್,” ಎಂದಳು ಅಕ್ಕ, ಆಗಲೇ ಫೋನಿನ ಕಡೆ ಕೈ ಚಾಚುತ್ತ. “ಡಾಕ್ಟರು ಅಜ್ಜಿಗೆ ಏನಂದ್ರು ಅಂತ ಕೇಳ್ಬೇಕು.”