ಕೌಲೆ ಕುಡಿದ ಹೈಪೋ

ಕೊಪ್ಪ ಪೇಟೆಯಲ್ಲಿ ಮೂವತ್ತು ವರ್ಷ ಫೋಟೋ ತೆಗೆದವನು ನಾನು, ಸ್ಟುಡಿಯೋ ಹರಿಹರ. ಎರಡು ಸಾವಿರದ ಆರನೇ ಇಸವಿಯ ಹೊತ್ತಿಗೆ ಡಿಜಿಟಲ್ ಎಂಬ ಶನಿ ವಕ್ಕರಿಸಿ ನನ್ನ ಡಾರ್ಕ್‌ರೂಮಿನಲ್ಲಿ ಜೇಡ ಸಂಸಾರ ಹೂಡಿತ್ತು. ಆದರೂ ಹೈಪೋ ಡಬ್ಬಿಯನ್ನು ಮಾತ್ರ ನಾನು ಎಸೆದಿರಲಿಲ್ಲ. ಹೈಪೋ ಅಂದರೆ ಕಲ್ಲುಸಕ್ಕರೆಯಂತೆ ಕಾಣುವ ಹರಳು. ಫೋಟೋ ಕಪ್ಪಾಗದೆ ನಿಲ್ಲಬೇಕಾದರೆ ಅದರ ನೀರಿನಲ್ಲಿ ಅದ್ದಿ ತೆಗೆಯಬೇಕು. ‘ಆ ದರಿದ್ರವನ್ನು ಹೊಳೆಗೆ ಹಾಕಿ, ಆ ಜಾಗದಲ್ಲಿ ಅಕ್ಕಿ ಡಬ್ಬಿ ಇಡ್ತೀನಿ’ ಎಂದು ನನ್ನ ಹೆಂಡತಿ ವಾರಕ್ಕೊಮ್ಮೆ ಹೇಳುತ್ತಿದ್ದಳು. ಅದರ ಜೊತೆ ನನ್ನನ್ನೂ ಹಾಕು ಎಂದು ನಾನು ರೇಗುತ್ತಿದ್ದೆ. ಅವಳು ಅದಕ್ಕೂ ತಯಾರಿದ್ದ ಹಾಗೆ ಕಾಣುತ್ತಿತ್ತು.

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಹತ್ತು ಗಂಟೆಗೆ ಫೋನು ಬಂತು.

‘ಹರಿಹರಣ್ಣ, ನಾನು ದನದ ಡಾಕ್ಟ್ರು ಧರ್ಮೇಶ್. ಕಮ್ಮರಡಿ ಕೃಷ್ಣಪ್ಪನವರ ಮನೆಯಿಂದ ಮಾತಾಡ್ತಿದ್ದೀನಿ. ನಿಮ್ಮ ಹತ್ರ ಹೈಪೋ ಉಂಟಾ?’

‘ಉಂಟು. ಎಷ್ಟು ಕಾಪಿ ಹಾಕಬೇಕಿತ್ತು?’

‘ಕಾಪಿ ಅಲ್ಲ ಮಾರಾಯ್ರೇ, ದನಕ್ಕೆ ಕುಡಿಸಬೇಕಿತ್ತು.’

ಬೆಳಿಗ್ಗೆ ಬೆಳಿಗ್ಗೆ ತಮಾಷೆ ಮಾಡಲು ನಾನೇ ಸಿಕ್ಕಿದೆನೇ ಎಂದು ಫೋನು ಕುಕ್ಕುವವನಿದ್ದೆ. ಅಷ್ಟರಲ್ಲಿ ಅವರು ವಿಷಯ ಹೇಳಿದರು. ಕೃಷ್ಣಪ್ಪನವರ ಹಸು ಕೌಲೆ, ಕಳಲೆ ನೆನೆಹಾಕಿದ ನೀರು ಕುಡಿದುಬಿಟ್ಟಿದೆ.

ಕಳಲೆ ನಮ್ಮ ಕಡೆಯವರ ಜೀವ. ಮಳೆಗಾಲದಲ್ಲಿ ಮೊಳೆಯುವ ಎಳೆ ಬಿದಿರನ್ನು ಸುಲಿದು ಹೆಚ್ಚಿ ಮೂರು ದಿನ ನೀರಿನಲ್ಲಿಟ್ಟು, ದಿನಾ ನೀರು ಚೆಲ್ಲಿ, ಬೇಯಿಸಿ ನಾಲ್ಕನೇ ದಿನ ಪಲ್ಯ ಮಾಡುತ್ತೇವೆ. ಯಾಕೆ ಮೂರು ದಿನ ಎಂದು ಯಾರೂ ಕೇಳುವುದಿಲ್ಲ. ಅಜ್ಜಿ ಇಡುತ್ತಿದ್ದಳು, ನಾವೂ ಇಡುತ್ತೇವೆ. ಆ ನೀರನ್ನು ದನಕ್ಕೆ ತೋರಿಸಬಾರದು ಎನ್ನುವುದು ಮಾತ್ರ ತೊಟ್ಟಿಲಲ್ಲಿರುವ ಮಗುವಿಗೂ ಗೊತ್ತು.

‘ಅದರಲ್ಲಿ ಸಯನೈಡ್ ಇರುತ್ತೆ. ನನ್ನ ಹತ್ರ ಇದ್ದ ಒಂದೇ ಬಾಟ್ಲಿ ಇಂಜೆಕ್ಷನ್ ಕೊಟ್ಟಾಯ್ತು. ಅದು ರಕ್ತಕ್ಕೆ ಸೇರಿದ್ದಕ್ಕೆ. ಹೊಟ್ಟೇಲಿ ಇನ್ನೂ ವಿಷ ಹುಟ್ತಾನೇ ಇದೆ. ಆ ಇಂಜೆಕ್ಷನ್ ಒಳಗಿರೋದೂ ನಿಮ್ಮ ಹೈಪೋನೇ. ಬೇಗ ಬನ್ನಿ’ ಎಂದರು ಧರ್ಮೇಶ್.

ಡಬ್ಬಿ, ತಕ್ಕಡಿ ಎರಡನ್ನೂ ಚೀಲಕ್ಕೆ ತುಂಬಿ ಮೊಪೆಡ್ ಹತ್ತಿದೆ. ಅಭ್ಯಾಸಬಲ, ಕ್ಯಾಮೆರಾವನ್ನೂ ಕುತ್ತಿಗೆಗೆ ಹಾಕಿಕೊಂಡಿದ್ದೆ. ಅದು ಗೊತ್ತಾದದ್ದು ಕೃಷ್ಣಪ್ಪನವರ ಅಂಗಳಕ್ಕೆ ಕಾಲಿಟ್ಟಾಗ. ನಮ್ಮ ಕಡೆ ಫೋಟೋದವನನ್ನು ಕರೆಸುವುದು ಮದುವೆಗೆ, ಇಲ್ಲವೇ ಹೆಣ ಎತ್ತುವ ಮೊದಲು. ಕೃಷ್ಣಪ್ಪನವರ ಹೆಂಡತಿ ವನಜಮ್ಮ ಕೊಟ್ಟಿಗೆ ಬಾಗಿಲಲ್ಲಿ ನನ್ನನ್ನು ಕಂಡವರೇ ತಲೆ ಮೇಲೆ ಕೈಹೊತ್ತು ಕುಳಿತರು.

‘ಇನ್ನೂ ಉಸಿರಾಡ್ತಾ ಇದೆಯಲ್ಲ ಹರಿಹರಣ್ಣ. ಇಷ್ಟು ಬೇಗ ನಿಮ್ಮನ್ನ ಯಾರು ಕರೆಸಿದ್ದು?’

ಕ್ಯಾಮೆರಾ ತೆಗೆದು ಚೀಲಕ್ಕೆ ತುರುಕಿದೆ. ಔಷಧಿ ತಂದವನು ನಾನು ಎಂದು ಹೇಳಿದರೂ ಅವರಿಗೆ ನಂಬಿಕೆ ಬರಲಿಲ್ಲ. ತಾಯಿ ಸತ್ತ ಕರುವಿಗೆ ಅವರೇ ಬಾಟ್ಲಿಯಲ್ಲಿ ಹಾಲು ಕುಡಿಸಿ, ಚಳಿಗೆ ಅಡುಗೆ ಮನೆಯಲ್ಲೇ ಮಲಗಿಸಿಕೊಂಡು ಬೆಳೆಸಿದ ಹಸು ಅದು. ‘ಹಗ್ಗ ಬಿಚ್ಚಿಕೊಂಡು ಹೋಗಿ ಕುಡಿದಿದೆ, ಹಾಳಾದ್ದು, ನಾಲಿಗೆ ಚಪಲದ್ದು’ ಎಂದು ಬಂದವರಿಗೆಲ್ಲ ಹೇಳುತ್ತಾ ಅದರ ಬೆನ್ನು ಸವರುತ್ತಿದ್ದರು.

ಕೌಲೆ ಕಾಲು ಮಡಚಿ ಕುಳಿತಿತ್ತು. ಬಾಯಲ್ಲಿ ನೊರೆ, ತಿದಿ ಒತ್ತಿದ ಹಾಗೆ ಉಸಿರು. ಧರ್ಮೇಶ್ ಅದರ ತುಟಿ ಎತ್ತಿ ತೋರಿಸಿದರು. ಒಸಡು ಎಲೆಯಡಿಕೆ ಹಾಕಿದವರ ಬಾಯಿಯಷ್ಟು ಕೆಂಪಗಿತ್ತು.

‘ಇಷ್ಟು ಕೆಂಪಗಿದೆ ಅಂದ್ರೆ ಒಳ್ಳೇದೇ ಅಲ್ವಾ?’ ಎಂದೆ.

‘ಅದೇ ಕೆಟ್ಟದ್ದು. ಗಾಳಿ ಒಳಗೆ ಹೋಗ್ತಿದೆ, ರಕ್ತ ಅದನ್ನ ಹೊತ್ತು ಒಯ್ತಾನೂ ಇದೆ. ಮೈಯೊಳಗಿನ ಒಂದೊಂದು ಜೀವಕೋಶದಲ್ಲೂ ಆ ಗಾಳಿ ಉಪಯೋಗಿಸಿ ಶಕ್ತಿ ಮಾಡೋ ಜಾಗ ಉಂಟು. ಸಯನೈಡ್ ಹೋಗಿ ಅಲ್ಲೇ ಅಡ್ಡ ಕೂತಿದೆ. ಎಲೆ ತುಂಬ ಬಡಿಸಿ, ಉಣ್ಣೋರ ಕೈ ಕಟ್ಟಿ ಹಾಕಿದ ಹಾಗೆ. ತಂದ ಗಾಳಿ ಹಾಗೇ ವಾಪಸ್ ಬರ್ತಾ ಉಂಟು, ಅದಕ್ಕೇ ಈ ಕೆಂಪು.’

‘ಮತ್ತೆ ನನ್ನ ಹೈಪೋ?’

‘ಅದರಲ್ಲಿ ಗಂಧಕ ಇದೆ. ಅದು ಸಯನೈಡನ್ನ ಹಿಡ್ಕೊಂಡು ಬೇರೆಯದೇ ಮಾಡಿ ಮೂತ್ರದಲ್ಲಿ ಆಚೆ ಕಳಿಸುತ್ತೆ. ಡಬ್ಬೀಲಿ ಬೇರೆ ಎಂತದ್ದೂ ಬೆರೆಸಿಲ್ಲ ತಾನೇ?’

ಮೂವತ್ತು ವರ್ಷ ಹೈಪೋ ಕದಡಿದವನನ್ನು ಕೇಳುವ ಪ್ರಶ್ನೆಯೇ ಇದು? ನನ್ನ ಮೈ ಉರಿಯಿತು. ಹಸು ಸಾಯುತ್ತಿರುವಾಗ ಜಗಳ ಬೇಡವೆಂದು ತಕ್ಕಡಿ ತೆಗೆದು ಅವರು ಹೇಳಿದ ಮೂವತ್ತು ಗ್ರಾಂ ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲದಂತೆ ತೂಗಿದೆ.

ನೀರಲ್ಲಿ ಕದಡಲು ಬಚ್ಚಲಿಗೆ ಹೋದಾಗ ಕೃಷ್ಣಪ್ಪ ನನ್ನ ಹಿಂದೆಯೇ ಬಂದು ಬಾಗಿಲು ಎಳೆದುಕೊಂಡರು. ಅರವತ್ತರ ಆಸಾಮಿ, ಮುಖದಲ್ಲಿ ರಕ್ತವಿಲ್ಲ.

‘ಹರಿಹರಣ್ಣ, ಅದು ಹಗ್ಗ ಬಿಚ್ಚಿಕೊಂಡದ್ದಲ್ಲ. ನಾನೇ ಕುಡಿಸಿದ್ದು.’

ನನ್ನ ಕೈಯಲ್ಲಿದ್ದ ಚಮಚ ನಿಂತಿತು.

ಕೃಷ್ಣಪ್ಪ ಆ ಮನೆಯಲ್ಲಿ ಒಂದು ಹುಲ್ಲುಕಡ್ಡಿಯನ್ನೂ ಇಲ್ಲಿಂದ ಎತ್ತಿ ಅಲ್ಲಿಡದ ಮನುಷ್ಯ ಎಂಬುದು ಊರಿಗೇ ಗೊತ್ತಿದ್ದ ಸಂಗತಿ. ಆ ದಿನ ಕಾಫಿ ಕುಡಿಯುವಾಗ ವನಜಮ್ಮ, ‘ಮದುವೆಯಾಗಿ ಮೂವತ್ತೈದು ವರ್ಷ ಆಯ್ತು, ಕೊಟ್ಟಿಗೆ ಯಾವ ದಿಕ್ಕಿಗಿದೆ ಅಂತಾದ್ರೂ ಗೊತ್ತಾ ನಿಮಗೆ’ ಎಂದರಂತೆ. ಇವರಿಗೆ ರೋಷ ಬಂತು. ಬಚ್ಚಲ ಕಟ್ಟೆ ಮೇಲೆ ಎರಡು ಬಕೆಟ್ಟು ಇದ್ದವು. ಒಂದರಲ್ಲಿ ಅಕ್ಕಿ ತೊಳೆದ ಅಕ್ಕಚ್ಚು. ಇನ್ನೊಂದರಲ್ಲಿ ಮೊದಲ ದಿನದ ಕಳಲೆ ನೀರು, ಹೆಚ್ಚಿದ ತುದಿ ತುಂಡುಗಳ ಸಮೇತ. ಎರಡೂ ಬೆಳ್ಳಗಿದ್ದವು. ಅಕ್ಕಚ್ಚಿನಲ್ಲಿ ತರಕಾರಿ ಚೂರು ಇರುತ್ತದೆಂದು ಕೇಳಿದ್ದ ಪುಣ್ಯಾತ್ಮ, ಚೂರಿದ್ದದ್ದನ್ನೇ ಹುಡುಕಿ ಹೊತ್ತುಕೊಂಡು ಹೋದರು. ಮೂವತ್ತೈದು ವರ್ಷಕ್ಕೆ ಮಾಡಿದ್ದು ಒಂದೇ ಕೆಲಸ, ಅದೂ ಇದು.

‘ಅದಕ್ಕೇನಾದ್ರೂ ಆದ್ರೆ ನಾನು ಈ ಮನೇಲಿ ಹ್ಯಾಗೆ ಮುಖ ಎತ್ತಿಕೊಂಡು ತಿರುಗಲಿ? ಗೋವು ಕೊಂದವನ ಎದುರು ಕೂತು ಅವಳು ಊಟ ಬಡಿಸ್ತಾಳಾ? ಬಡಿಸಿದ್ರೂ ನನ್ನ ಗಂಟಲಲ್ಲಿ ಇಳಿಯುತ್ತಾ?’ ಎಂದು ಕೃಷ್ಣಪ್ಪ ಶಾಲಿನಲ್ಲಿ ಕಣ್ಣೊರೆಸಿಕೊಂಡರು.

ಬೈಯಬೇಕೆಂದು ಬಾಯಿ ತೆರೆದಿದ್ದೆ. ಆ ಮುಖ ನೋಡಿ ಆಗಲಿಲ್ಲ. ‘ಮೊದಲು ಇದನ್ನ ಕುಡಿಸೋಣ ಬನ್ನಿ’ ಎಂದೆ.

ದನಕ್ಕೆ ಔಷಧಿ ಕುಡಿಸುವುದು ಗೊಟ್ಟದಲ್ಲಿ, ಅಂದರೆ ಓರೆಯಾಗಿ ಕತ್ತರಿಸಿದ ಬಿದಿರಿನ ಕೊಳವೆಯಲ್ಲಿ. ಬಿದಿರಿನ ವಿಷಕ್ಕೆ ಬಿದಿರಿನಲ್ಲೇ ಮದ್ದು. ಧರ್ಮೇಶ್ ಕೌಲೆಯ ತಲೆ ಹಿಡಿದರು, ವನಜಮ್ಮ ದವಡೆ ಬಿಡಿಸಿದರು, ನಾನು ಸುರಿದೆ. ಮೊದಲ ಗೊಟ್ಟ ಪೂರ್ತಿ ನನ್ನ ಅಂಗಿಯ ಮೇಲೆ ಬಂತು. ಮತ್ತೆ ಮೂವತ್ತು ಗ್ರಾಂ ತೂಗಿ, ಕದಡಿ, ಎರಡನೆಯ ಸಲ ನುಂಗಿಸಿದೆವು.

ಆಮೇಲೆ ಕಾಯುವುದು. ‘ಮೂತ್ರ ಮಾಡಿದ್ರೆ ಆಚೆ ಹೋಗ್ತಾ ಇದೆ ಅಂತ ಲೆಕ್ಕ’ ಎಂದು ಧರ್ಮೇಶ್ ಹೇಳಿದ್ದೇ ತಪ್ಪಾಯಿತು. ಓದು ಬರಹ ಬಲ್ಲ ನಾಲ್ಕು ಜನ ದನದ ಬಾಲದ ಹಿಂದೆ ಸಾಲಾಗಿ ನಿಂತು ಕಣ್ಣು ಮಿಟುಕಿಸದೆ ನೋಡತೊಡಗಿದೆವು. ಬಾಲ ಸ್ವಲ್ಪ ಅಲ್ಲಾಡಿದರೆ ಸಾಕು, ಕೃಷ್ಣಪ್ಪ ಕೈಮುಗಿಯುತ್ತಿದ್ದರು. ಎರಡು ಸಲ ಅದು ನೊಣ ಓಡಿಸಿದ್ದಷ್ಟೇ.

ಮುಕ್ಕಾಲು ಗಂಟೆ ಕಳೆದಿರಬೇಕು. ಉಸಿರು ನಿಧಾನಕ್ಕೆ ಹದಕ್ಕೆ ಬಂತು. ಕೌಲೆ ಹಿಂಗಾಲು ಊರಿ, ತೂರಾಡಿ, ಎದ್ದು ನಿಂತು, ಬೆನ್ನು ಬಗ್ಗಿಸಿ ಧಾರಾಳವಾಗಿ ಉಚ್ಚೆ ಹೊಯ್ಯಿತು. ಹತ್ತಿರವೇ ನಿಂತಿದ್ದ ಧರ್ಮೇಶರ ಪ್ಯಾಂಟು ಮೊಣಕಾಲಿನವರೆಗೆ ತೊಯ್ದುಹೋಯಿತು. ಅವರು ಜಾಗ ಬಿಟ್ಟು ಕದಲಲಿಲ್ಲ. ‘ಬದುಕಿತು’ ಎಂದರು.

ವನಜಮ್ಮ ಹಸುವಿನ ಕುತ್ತಿಗೆ ಅಪ್ಪಿಕೊಂಡು ಗಳಗಳ ಅತ್ತರು. ಕೃಷ್ಣಪ್ಪ ನನ್ನ ಮುಖ ನೋಡಿದರು, ನೆಲ ನೋಡಿದರು, ಕೊನೆಗೆ ಹೇಗೋ ಬಾಯಿಬಿಟ್ಟರು.

‘ವನಜಾ, ಆ ನೀರು ಹಾಕಿದ್ದು...’

‘ನೀವೇ. ಗೊತ್ತು’ ಎಂದರು ವನಜಮ್ಮ, ಹಸುವಿನಿಂದ ಮುಖ ತೆಗೆಯದೆ. ‘ನೀವು ಹೊತ್ತುಕೊಂಡು ಹೋಗಿದ್ದನ್ನ ಅಡುಗೆ ಮನೆ ಕಿಟಕಿಯಿಂದ ನೋಡಿದ್ದೆ. ಅಪರೂಪಕ್ಕೆ ಅಕ್ಕಚ್ಚು ಕೊಡ್ತಿದ್ದಾರೆ ಅಂತ ಖುಷಿಪಟ್ಟೆ. ಬಚ್ಚಲಿಗೆ ಬಂದು ನೋಡಿದ್ರೆ ಅಕ್ಕಚ್ಚು ಹಾಗೇ ಇತ್ತು. ಓಡಿ ಬರೋದ್ರೊಳಗೆ ಕುಡಿದಾಗಿತ್ತು.’

‘ಮತ್ತೆ ಹಗ್ಗ ಬಿಚ್ಚಿಕೊಂಡಿತ್ತು ಅಂದ್ಯಲ್ಲ?’

‘ಅದಕ್ಕೇನು, ಮೂಕ ಪ್ರಾಣಿ, ಏನಂದರೂ ಅನ್ನಿಸಿಕೊಳ್ಳುತ್ತೆ. ಹೋಗಿಬಿಟ್ಟಿದ್ರೆ ಇನ್ನೊಂದು ಕರು ಸಾಕಬಹುದಿತ್ತು. ಗೋವು ಕೊಂದವ ಅಂತ ಊರು ನಿಮ್ಮನ್ನ ಅಂದಿದ್ರೆ, ಅದಕ್ಕೆ ಎಲ್ಲಿಂದ ತರಿಸಲಿ ನಾನು ಮದ್ದು?’

ಕೃಷ್ಣಪ್ಪ ಹೆಗಲ ಮೇಲಿದ್ದ ಶಾಲು ತೆಗೆದು, ಹಸುವಿನ ಬಾಯಿಯ ನೊರೆಯನ್ನು ಒರೆಸತೊಡಗಿದರು.