ತೊಳೆದಷ್ಟೂ ಉಪ್ಪು

ಒಡ್ಡಿನ ಮೇಲಿನ ತಗಡಿನ ಕೋಣೆಯಲ್ಲಿ ನಾನು ಲೋಟದ ನೀರಿಗೆ ಮೀಟರಿನ ಕಡ್ಡಿ ಅದ್ದಿದಾಗ ಹೊರಗೆ ಜೆಸಿಬಿ ಗುರುಗುಟ್ಟುತ್ತಿತ್ತು.

ಒಡ್ಡಿನ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ನಮ್ಮ ಜೌಗು. ಹಿಂದೆ ಒಡ್ಡು ಒಡೆದು, ಉಪ್ಪುನೀರು ನುಗ್ಗಿ, ಆ ಸಿಹಿನೀರಿನ ಜೌಗು ಸತ್ತೇಹೋಗಿತ್ತು. ಒಡ್ಡನ್ನು ಮತ್ತೆ ಕಟ್ಟಿದ ಮೇಲೆ ಅಕ್ಕ ದೋಣಿಯಲ್ಲಿ ಹೋಗಿ ಜೊಂಡು ನೆಡುತ್ತಿದ್ದಳು, ನಾನು ನೀರು ಅಳೆಯುತ್ತಿದ್ದೆ. ಇವತ್ತು ಕೊನೆಯ ಅಳತೆ. ಲೀಟರಿಗೆ ಅರ್ಧ ಗ್ರಾಂಗಿಂತ ಹೆಚ್ಚು ಉಪ್ಪು ಕಂಡರೆ ಒಡ್ಡು ಕಡಿದು ಎಲ್ಲವನ್ನೂ ಸಮುದ್ರಕ್ಕೇ ಬಿಟ್ಟುಬಿಡುವುದೆಂದು ಮೇಲಧಿಕಾರಿ ತೀರ್ಮಾನಿಸಿದ್ದರು. ತೀರ್ಮಾನದ ಜೊತೆಗೆ ಜೆಸಿಬಿಯನ್ನೂ ಕರೆತಂದಿದ್ದರು.

ಮೀಟರು ಒಂದು ಗ್ರಾಂ ಎಂದಿತು.

ಹೋಲಿಕೆಗೆಂದು ಮೊದಲು ಸಮುದ್ರದ ನೀರು ಅಳೆದಿದ್ದೆ, ಅದೇ ಅಂಟಿರಬೇಕು. ಪಿಚಕಾರಿ ಬಾಟಲಿಯ ಶುದ್ಧ ನೀರಿನಿಂದ ಕಡ್ಡಿ, ಲೋಟ ಎರಡನ್ನೂ ತೊಳೆದು, ಬಕೆಟ್ಟಿನಲ್ಲಿ ತಂದಿಟ್ಟಿದ್ದ ಜೌಗಿನ ನೀರನ್ನು ಮತ್ತೆ ತುಂಬಿದೆ. ಎರಡು. ಇನ್ನಷ್ಟು ಪಿಚಕಾರಿ ಬಿಟ್ಟು, ಅಂಚನ್ನೂ ಬಿಡದೆ ತೊಳೆದೆ. ಮೂರು.

"ಎಷ್ಟಾಯ್ತು, ಮೇಡಂ?" ಬಾಗಿಲಲ್ಲಿ ಮೇಲಧಿಕಾರಿ.

"ಒಂದು ನಿಮಿಷ, ಸಾರ್."

"ಆಗ್ಲೂ ಅದೇ ಅಂದ್ರಿ."

ಕಿಟಕಿಯಲ್ಲಿ ಅಕ್ಕನ ತಲೆ ತೂರಿತು. "ಏ ಪುಕ್ಕಲಿ, ಯಾಕೇ ಇಂಗು ತಿಂದ ಮಂಗನ ಹಾಗೆ ನಿಂತಿದ್ದೀಯ?"

"ತೊಳೆದಷ್ಟೂ ಉಪ್ಪು ಜಾಸ್ತಿ ಆಗ್ತಿದೆ, ಅಕ್ಕ," ಎಂದವಳು ಅಲ್ಲೇ ನಿಲ್ಲಿಸಿದೆ. ಒಂದೇ ಬಕೆಟ್ಟಿನ ನೀರು ನಿಮಿಷ ನಿಮಿಷಕ್ಕೂ ಉಪ್ಪಾಗುವುದುಂಟೆ? ಪಿಚಕಾರಿಯನ್ನು ಹಿಂಡಿ ನಾಲಿಗೆಗೆ ಬಿಟ್ಟುಕೊಂಡೆ. ಅಪ್ಪಟ ಸಮುದ್ರ.

"ಈ ಬಾಟಲಿ ಮುಟ್ಟಿದ್ಯಾ?"

"ಕಾಲಿನ ಕೆಸರು ತೊಳ್ಕೊಂಡೆ. ಖಾಲಿ ಇಟ್ರೆ ವಾರವಿಡೀ ಗೊಣಗ್ತೀಯ ಅಂತ ತುಂಬಿಸಿಯೂ ಇಟ್ಟೆ."

"ಎಲ್ಲಿಂದ?"

ಅಕ್ಕ ಒಮ್ಮೆ ಸಮುದ್ರವನ್ನು ನೋಡಿದಳು, ಒಮ್ಮೆ ನನ್ನನ್ನು. "ಅದು ಹತ್ರ ಇತ್ತು ಕಣೇ."

ಬಯ್ಯಲೆಂದು ಬಾಯಿ ತೆರೆದರೆ ನಗು ಬಂತು. ಬಿಕ್ಕಳಿಕೆಯಂಥ, ನಿಲ್ಲದ ನಗು. ಬಕೆಟ್ಟಿನ ಜೌಗಿನ ನೀರಿನಲ್ಲೇ ಲೋಟ, ಕಡ್ಡಿ ಜಾಲಿಸಿ ಚೆಲ್ಲಿ, ಹೊಸದಾಗಿ ತುಂಬಿ, ಕಡ್ಡಿಯನ್ನು ಅಧಿಕಾರಿಯ ಕೈಗೆ ಕೊಟ್ಟೆ. "ನೀವೇ ಅದ್ದಿ, ಸಾರ್."

ಸೊನ್ನೆ ಪಾಯಿಂಟ್ ಮೂರು.

ಅವರು ಮೀಟರನ್ನು ತಟ್ಟಿದರು. "ಇದೇನು ಕೆಟ್ಟಿದೆಯಾ?"

"ಕೆಟ್ಟಿರೋದು ನಮ್ಮಕ್ಕ, ಸಾರ್."

ಅಷ್ಟಕ್ಕೆ ನಂಬುವವರಲ್ಲ ಅವರು. ತಾವೇ ಜೌಗಿಗಿಳಿದು, ಬೂಟು ಕೆಸರು ಮಾಡಿಕೊಂಡು, ನೀರು ಮೊಗೆದು ಅಳೆದರು. ಮತ್ತೆ ಸೊನ್ನೆ ಪಾಯಿಂಟ್ ಮೂರೇ. ಬಗ್ಗಿ ನೋಡಿದರು, ಕನ್ನಡಕ ಒರೆಸಿ ನೋಡಿದರು. ಮೀಟರು ಜಪ್ಪಯ್ಯ ಅಂದರೂ ಕದಲಲಿಲ್ಲ.

"ವಾಪಸ್ ಹೋಗಪ್ಪ," ಎಂದರು ಜೆಸಿಬಿಯವನಿಗೆ.

"ತಿರುಗ್ಸೋಕೆ ಜಾಗ ಎಲ್ಲಿದೆ, ಸಾರ್? ಹಿಂದೆ ನಿಮ್ಮ ಜೀಪೇ ಇದೆ."

ಹೀಗಾಗಿ ಜೀಪು ಹಿಂದಕ್ಕೆ ಹೊರಟಿತು, ಅದರ ಬೆನ್ನಿಗೆ ಪೀಂ ಪೀಂ ಎನ್ನುತ್ತ ಜೆಸಿಬಿಯೂ ಹಿಂದಕ್ಕೆ. ಅಕ್ಕ ಒಡ್ಡಿನ ಅಂಚಿನಲ್ಲಿ ಎರಡೂ ಕೈ ಬೀಸುತ್ತ ಓಡಿದಳು. "ಬನ್ನಿ ಅಣ್ಣಾ, ಬನ್ನಿ ಬನ್ನಿ, ಜೊಂಡು ಮುಟ್ಟಿದ್ರೆ ನೋಡಿ ಮತ್ತೆ!"

ನಾನೂ ಓಡಿದೆ. ಯಾಕೆಂದು ಗೊತ್ತಿರಲಿಲ್ಲ.